ಹಲವು ನುಡಿಗಳ ಮುಪ್ಪು: ಠಾಣೆ-ಕಲ್ಯಾಣ್ ಪ್ರದೇಶದ ಕನ್ನಡಿಗರು, ಮೆದುಳು ಮತ್ತು ಭಾಷೆ

ಮುಂಬಯಿಯ ಮಧ್ಯ ರೈಲುಮಾರ್ಗದಲ್ಲಿ ಠಾಣೆಯನ್ನು ದಾಟಿ ಡೊಂಬಿವಲಿ, ಕಲ್ಯಾಣ್‌ಗಳವರೆಗೆ, ಖಾಡಿಯ ಆಚೆ ನವಿಮುಂಬಯಿಯ ವಾಶಿ, ನೆರೂಲ್‌ಗಳವರೆಗೆ ನೆಲೆಸಿರುವ ಕನ್ನಡಿಗರನ್ನು ಕುರಿತು ಬರೆಯುವಾಗ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಸಾಹಿತ್ಯ, ಸಂಘಸಂಸ್ಥೆ, ಯಕ್ಷಗಾನ, ರಾತ್ರಿಶಾಲೆ, ಹೋಟೆಲು ಉದ್ಯಮಗಳನ್ನು ಎತ್ತಿಕೊಳ್ಳುತ್ತಾರೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹುಟ್ಟಿ ಎಳವೆಯಲ್ಲಿಯೇ ಮುಂಬಯಿಗೆ ಬಂದ ತಲೆಮಾರು ಈಗ ಎಪ್ಪತ್ತು-ಎಂಬತ್ತರ ವಯಸ್ಸಿನಲ್ಲಿದೆ. ಪಾರ್ಶ್ವವಾಯು, ಅಲ್ಝೈಮರ್, ಪಾರ್ಕಿನ್ಸನ್ ಮೊದಲಾದ ಕಾಯಿಲೆಗಳು ಎರಗುವ ವಯಸ್ಸು ಅದು. ನಾಲ್ಕೈದು ನುಡಿಗಳಲ್ಲಿ ಬದುಕಿದ ವ್ಯಕ್ತಿಗೆ ಇಂಥ ಕಾಯಿಲೆ ಬಂದಾಗ ಯಾವ ನುಡಿ ಹೋಗುತ್ತದೆ, ಯಾವುದು ಉಳಿಯುತ್ತದೆ, ವೈದ್ಯರು ಅವನನ್ನು ಯಾವ ನುಡಿಯಲ್ಲಿ ಪರೀಕ್ಷಿಸಬೇಕು ಎಂಬ ಪ್ರಶ್ನೆಗಳು ನರವಿಜ್ಞಾನಕ್ಕೆ ಸೇರಿದಷ್ಟೇ ಭಾಷಾವಿಜ್ಞಾನಕ್ಕೂ ಸೇರಿವೆ. ಈ ಬರಹದಲ್ಲಿ ನಾವು ಹೇಳಬಯಸುವುದು ಇಷ್ಟೇ: 'ಮಾತೃಭಾಷೆ' ಎಂಬ ಒಂದು ಖಾನೆಯನ್ನು ತುಂಬಿ ಮುಂದೆ ಸಾಗಿದರೆ ಇಂಥವರ ಸ್ಥಿತಿ ತಿಳಿಯುವುದಿಲ್ಲ, ಅವರ ನುಡಿಗಳ ಚರಿತ್ರೆಯೇ ಬೇಕಾಗುತ್ತದೆ.

ಡೊಂಬಿವಲಿಯ ಒಬ್ಬ ಹಿರಿಯರ ಭಾಷಾಜೀವನವನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಚಿತ್ರವೂ ಅಲ್ಲ, ಹಲವರ ಬದುಕಿನ ಸಾಮಾನ್ಯ ರೂಪರೇಖೆ. ಉಡುಪಿಯ ಕಡೆಯ ಹಳ್ಳಿ, ಮನೆಮಾತು ತುಳು. ಐದನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆ. ಹದಿಮೂರನೆಯ ವಯಸ್ಸಿಗೆ ಮುಂಬಯಿ. ಹಗಲು ಕೋಟೆ ಪ್ರದೇಶದ ಹೋಟೆಲಿನಲ್ಲಿ ದುಡಿಮೆ, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದು. ೧೯೦೨ರಲ್ಲಿ ಆರಂಭವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಿಂದಲೇ ಒಂದು ದೊಡ್ಡ ಓದುಬಲ್ಲ ಸಮುದಾಯ ರೂಪುಗೊಂಡಿತೆಂಬುದು ಮುಂಬಯಿ ಕನ್ನಡದ ಚರಿತ್ರೆಯನ್ನು ಬಲ್ಲವರಿಗೆ ಹೊಸ ಸಂಗತಿಯಲ್ಲ. ಗಿರಾಕಿಗಳೊಡನೆ ಹಿಂದಿ, ನೆರೆಹೊರೆಯಲ್ಲಿ ಮರಾಠಿ. ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಮೇಲೆ ಕಡತದ ಇಂಗ್ಲಿಷು. ಎಪ್ಪತ್ತರ ದಶಕದಲ್ಲಿ ಡೊಂಬಿವಲಿಯಲ್ಲಿ ಸ್ವಂತ ಮನೆ. ಮಕ್ಕಳನ್ನು ಅಲ್ಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯಕ್ಕೆ ಸೇರಿಸಿದವರೂ ಇದ್ದಾರೆ. ಮೊಮ್ಮಕ್ಕಳು ಮಾತ್ರ ಇಂಗ್ಲಿಷ್ ಮಾಧ್ಯಮದವರು, ಪರಸ್ಪರ ಹಿಂದಿ-ಮರಾಠಿಯಲ್ಲಿ ಮಾತಾಡುವವರು. ತುಳುವಿನಲ್ಲಿ ಮಾತಾಡಲು ಉಳಿದವರು ಹೆಂಡತಿ ಒಬ್ಬರೇ.

ಇದರ ಪಕ್ಕದಲ್ಲಿಯೇ ಬೇರೊಂದು ರೂಪರೇಖೆಯೂ ಇದೆ. ೧೯೭೦ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿಮುಂಬಯಿ ಮೇಲೇಳತೊಡಗಿದಂದಿನಿಂದ ವಿಜಯಪುರ, ಕಲಬುರಗಿ ಕಡೆಯ ಕೂಲಿಕಾರರು ಕಟ್ಟಡದ ಕೆಲಸಕ್ಕೆಂದು ಬಂದಿದ್ದಾರೆ. ಇವರಲ್ಲಿ ಲಂಬಾಣಿ ಮನೆಮಾತಿನವರಿದ್ದಾರೆ; ಶಾಲೆಯನ್ನೇ ಕಾಣದವರು ಬಹಳ ಮಂದಿ. ಕನ್ನಡ, ದಖನಿ ಹಿಂದಿ, ಮರಾಠಿ ಮೂರನ್ನೂ ಕಿವಿಯಿಂದಲೇ ಕಲಿತವರು ಅವರು. ಜನಗಣತಿಯ ಪತ್ರಕದಲ್ಲಿ ಮಾತೃಭಾಷೆಯ ಜೊತೆಗೆ ಹೆಚ್ಚೆಂದರೆ ಇನ್ನೆರಡು ಭಾಷೆಗಳಿಗೆ ಅವಕಾಶವಿದೆ. ಈ ಇಬ್ಬರಲ್ಲಿ ಯಾರೂ ಅದರಲ್ಲಿ ಪೂರ್ತಿಯಾಗಿ ಹಿಡಿಸುವುದಿಲ್ಲ.

ಇನ್ನು ಮೆದುಳಿನ ಕಡೆಗೆ ತಿರುಗೋಣ. ೧೮೬೧ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ೧೮೭೪ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಮೆದುಳಿನ ಎಡ ಗೋಳಾರ್ಧದ ಎರಡು ಭಾಗಗಳಿಗೆ ಪೆಟ್ಟಾದಾಗ ಮಾತು ಎರಡು ಬಗೆಗಳಲ್ಲಿ ಕೆಡುವುದನ್ನು ತೋರಿಸಿದರು. ಮುಂಭಾಗದ ಪೆಟ್ಟಿನಿಂದ ಮಾತಾಡುವುದು ಕಷ್ಟವಾಗಿ, ತಿಳಿಯುವುದು ಬಹುಮಟ್ಟಿಗೆ ಉಳಿಯುತ್ತದೆ. ಕಿವಿಯ ಹಿಂಬದಿಯ ಭಾಗಕ್ಕೆ ಪೆಟ್ಟಾದರೆ ಮಾತು ಸರಾಗವಾಗಿ ಹರಿಯುತ್ತದೆ, ಅದರಲ್ಲಿ ಅರ್ಥವಿರುವುದಿಲ್ಲ. ಹೀಗೆ ಪಡೆದ ಭಾಷೆಯು ಮೆದುಳಿನ ಪೆಟ್ಟಿನಿಂದ ಕೆಡುವುದನ್ನು ಅಫೇಸಿಯಾ ಎನ್ನುತ್ತಾರೆ. ಬ್ರೋಕಾ-ವೆರ್ನಿಕೆಯರ ಚಿತ್ರ ಇಂದು ಬಹಳ ಮಾರ್ಪಟ್ಟಿದೆ. ಭಾಷೆಯು ಎರಡು ಕೋಣೆಗಳಲ್ಲಿ ಕುಳಿತಿಲ್ಲ; ಹಲವು ಭಾಗಗಳನ್ನು ಬೆಸೆಯುವ ನರತಂತುಗಳ ಜಾಲದಲ್ಲಿ ನಡೆಯುವ ವ್ಯಾಪಾರ ಅದು. ಬಹುಭಾಷಿಕನ ಮೆದುಳಿನಲ್ಲಿ ಕನ್ನಡಕ್ಕೊಂದು, ಮರಾಠಿಗೊಂದು ಎಂದು ಬೇರೆ ಬೇರೆ ಠಾವುಗಳೂ ಇಲ್ಲ. ಬಹುಪಾಲು ಅದೇ ಜಾಲವೇ ಎಲ್ಲ ಭಾಷೆಗಳನ್ನೂ ನಡೆಸುತ್ತದೆ. ಒಂದನ್ನು ಆಡುವಾಗ ಉಳಿದವು ಮಲಗಿರುವುದಿಲ್ಲ, ಅವೂ ಎಚ್ಚರವಾಗಿಯೇ ಇರುತ್ತವೆ. ಅವನ್ನು ಹಿಂದಕ್ಕೆ ಸರಿಸಿ ಬೇಕಾದುದನ್ನು ಮುಂದಕ್ಕೆ ತರುವ ಕೆಲಸವನ್ನು ಹಣೆಯ ಹಿಂದಿರುವ ಭಾಗಗಳೂ ಮೆದುಳಿನ ಒಳಗಿನ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಚ್ಛಗಳೂ ಸೇರಿ ಮಾಡುತ್ತವೆ. ಹಿರಿಯರೊಬ್ಬರು ತುಳುವಿನಲ್ಲಿ ಹೆಂಡತಿಗೆ ಹೇಳಿ, ಮರಾಠಿಯಲ್ಲಿ ತರಕಾರಿಯವನಿಗೆ ಉತ್ತರಿಸಿ, ಹಿಂದಿಯಲ್ಲಿ ಮೊಮ್ಮಗನನ್ನು ಕರೆಯುವಾಗ ಈ ಭಾಗಗಳು ಅರೆಗಳಿಗೆಯೂ ಬಿಡುವಿಲ್ಲದೆ ದುಡಿಯುತ್ತಿರುತ್ತವೆ.

ಕೇಳುವವನ ಮೆದುಳು ವಾಕ್ಯ ಮುಗಿಯುವವರೆಗೆ ಕಾಯುವುದಿಲ್ಲ. ಮುಂದೆ ಬರುವ ಪದವನ್ನು ಅದು ಮೊದಲೇ ನಿರೀಕ್ಷಿಸುತ್ತದೆ. ನಿರೀಕ್ಷೆಗೆ ಹೊಂದದ ಪದ ಬಂದರೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಹೊತ್ತಿಗೆ ಮೆದುಳಿನ ವಿದ್ಯುತ್ತಿನಲ್ಲಿ ಒಂದು ಏರಿಳಿತ ಕಾಣುವುದನ್ನು ಅಮೆರಿಕದ ಕುಟಾಸ್ ಮತ್ತು ಹಿಲ್ಯಾರ್ಡ್ ೧೯೮೦ರಲ್ಲಿ ದಾಖಲಿಸಿದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೇಳುವವನು ಕರ್ತೃ, ಕರ್ಮ, ಸ್ಥಳ, ಕಾಲಗಳನ್ನೆಲ್ಲ ವಿಭಕ್ತಿಗಳ ಆಸರೆಯಿಂದ ಮನಸ್ಸಿನಲ್ಲಿ ಹಿಡಿದುಕೊಂಡಿರಬೇಕು. 'ನಿನ್ನೆ ಕಲ್ಯಾಣ್ ಗಾಡಿಯಲ್ಲಿ ನಿಮ್ಮ ತಮ್ಮನನ್ನು' ಎಂಬಲ್ಲಿಗೆ ಇನ್ನೂ ಏನೂ ನಡೆದಿಲ್ಲ. 'ಕಂಡೆ' ಎಂದಾಗಲೇ ಯಾರು ಕಂಡರೆಂಬುದು ತಿಳಿಯುತ್ತದೆ. ಹೀಗೆ ಹಿಡಿದುಕೊಳ್ಳುವ ಶಕ್ತಿಯೇ ವಯಸ್ಸಾದಂತೆ ಮೊದಲು ಕುಗ್ಗುವ ಶಕ್ತಿಗಳಲ್ಲೊಂದು.

ಮುಪ್ಪು ಕಾಯಿಲೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಆರೋಗ್ಯವಂತ ವೃದ್ಧರ ಪದಸಂಪತ್ತು ಕುಗ್ಗುವುದಿಲ್ಲ, ಎಷ್ಟೋ ವೇಳೆ ಹೆಚ್ಚುತ್ತದೆ. ಪದವನ್ನು ಹೊರಕ್ಕೆ ತೆಗೆಯುವ ವೇಗ ಮಾತ್ರ ತಗ್ಗುತ್ತದೆ. 'ನಾಲಗೆಯ ತುದಿಯಲ್ಲಿದೆ, ಬರುತ್ತಿಲ್ಲ' ಎನ್ನುವ ಸಂದರ್ಭಗಳು ಹೆಚ್ಚಾಗುತ್ತವೆ, ಅದರಲ್ಲಿಯೂ ವ್ಯಕ್ತಿನಾಮಗಳ ವಿಷಯದಲ್ಲಿ. ಗದ್ದಲದಲ್ಲಿ ಮಾತು ತಿಳಿಯುವುದು ಕಷ್ಟವಾಗುತ್ತದೆ, ತಡವಾಗಿ ಕಲಿತ ಭಾಷೆಯಲ್ಲಿ ಇನ್ನೂ ಕಷ್ಟ. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸದ ಅಜ್ಜ ಮನೆಯೊಳಗೆ ತುಳುವಿನಲ್ಲಿ ಚುರುಕಾಗಿಯೇ ಇರಬಹುದು. ಇದನ್ನು ರೋಗವೆಂದು ಬಗೆಯುವ ಮುನ್ನ ಅವರ ಕಿವಿಯನ್ನಾದರೂ ಪರೀಕ್ಷಿಸಬೇಕು.

ಬಹುಭಾಷಿಕರ ಅಫೇಸಿಯಾದ ವಿಷಯದಲ್ಲಿ ಎರಡು ಹಳೆಯ ಸೂತ್ರಗಳಿವೆ. ಮೊದಲು ಕಲಿತದ್ದು ಕೊನೆಗೆ ಅಳಿಯುತ್ತದೆಂಬುದು ೧೮೮೧ರಲ್ಲಿ ಫ್ರಾನ್ಸಿನ ರಿಬೋ ಸ್ಮೃತಿಯನ್ನು ಕುರಿತು ಹೇಳಿದ ನಿಯಮ. ಕಾಯಿಲೆಗೆ ಮುನ್ನ ಹೆಚ್ಚು ಬಳಕೆಯಲ್ಲಿದ್ದ ನುಡಿಯೇ ಮೊದಲು ಮರಳುತ್ತದೆಂಬುದು ೧೮೯೫ರಲ್ಲಿ ಪಿತ್ರ್ ಮಂಡಿಸಿದ ನಿಯಮ. ಡೊಂಬಿವಲಿಯ ನಮ್ಮ ಹಿರಿಯರಿಗೆ ಒಂದು ನಿಯಮದಂತೆ ತುಳು ಉಳಿಯಬೇಕು, ಇನ್ನೊಂದರಂತೆ ಹಿಂದಿಯೋ ಮರಾಠಿಯೋ ಮೊದಲು ಮರಳಬೇಕು. ವಾಸ್ತವವಾಗಿ ಎರಡೂ ನಿಯಮಗಳು ಕೆಲವರಲ್ಲಿ ನಿಲ್ಲುತ್ತವೆ, ಕೆಲವರಲ್ಲಿ ಬೀಳುತ್ತವೆ. ಕೆನಡಾದ ಮಿಷೆಲ್ ಪ್ಯಾರಾಡಿಸ್ ೨೦೦೧ರಲ್ಲಿ ೧೩೨ ಪ್ರಕರಣಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಶೇಕಡಾ ೬೧ರಷ್ಟು ಮಂದಿಯಲ್ಲಿ ಎಲ್ಲ ಭಾಷೆಗಳೂ ಸರಿಸಮಾನವಾಗಿ ಕೆಟ್ಟು ಸರಿಸಮಾನವಾಗಿ ಚೇತರಿಸಿಕೊಂಡಿದ್ದವು. ಉಳಿದವರಲ್ಲಿ ಒಂದು ಹೆಚ್ಚು, ಒಂದು ಕಡಿಮೆ, ಒಂದಾದ ಮೇಲೊಂದು, ಒಂದು ಮಾತ್ರ, ಎರಡೂ ಬೆರೆತು ಬೇರ್ಪಡಿಸಲಾಗದಂತೆ, ಹೀಗೆ ನಾನಾ ಬಗೆಗಳು.

ನಮ್ಮ ಪ್ರದೇಶಕ್ಕೆ ಹೆಚ್ಚು ಬೆಳಕು ಚೆಲ್ಲುವುದು ಇಟಲಿಯಿಂದ ಬಂದ ಎರಡು ವರದಿಗಳು. ೧೯೯೩ರಲ್ಲಿ ಅಲ್ಯೋಟಿ ಮತ್ತು ಫಬ್ರೊ ಒಬ್ಬ ಮಹಿಳೆಯ ಪ್ರಕರಣವನ್ನು ಪ್ರಕಟಿಸಿದರು. ಆಕೆ ಜೀವನವಿಡೀ ವೆರೋನಾ ಪ್ರದೇಶದ ಆಡುನುಡಿಯಲ್ಲಿಯೇ ವ್ಯವಹರಿಸಿದವಳು. ಶಾಲೆಯಲ್ಲಿ ಕಲಿತ ಇಟಾಲಿಯನ್ನನ್ನು ತೀರ ಅಪರೂಪಕ್ಕೆ ಬಳಸುತ್ತಿದ್ದಳು. ಎಡಭಾಗದ ಬೇಸಲ್ ಗ್ಯಾಂಗ್ಲಿಯಾಕ್ಕೆ ಪೆಟ್ಟಾದ ಮೇಲೆ ಅವಳ ಬಾಯಲ್ಲಿ ಬಂದದ್ದು ಇಟಾಲಿಯನ್. ಮನೆಮಾತು ಹಿಂದೆ ಸರಿದಿತ್ತು. ೨೦೦೪ರಲ್ಲಿ ಜಾನಿನಿ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗಿಗಳಲ್ಲಿ ಇದಕ್ಕೆ ಹೊಂದುವ ಫಲಿತಾಂಶವನ್ನು ಕಂಡರು: ಮನೆಯಲ್ಲಿ ಫ್ರಿಯುಲಿಯನ್, ಶಾಲೆಯಲ್ಲಿ ಇಟಾಲಿಯನ್ ಕಲಿತವರಲ್ಲಿ ಮನೆಮಾತಿನ ವಾಕ್ಯರಚನೆಯೇ ಹೆಚ್ಚು ಕುಂದಿತ್ತು. ಪ್ಯಾರಾಡಿಸ್ ಇದಕ್ಕೆ ಕೊಡುವ ವಿವರಣೆ ಹೀಗಿದೆ. ಎಳವೆಯಲ್ಲಿ ಅರಿವಿಲ್ಲದೆ ಮೈಗೂಡಿದ ವ್ಯಾಕರಣವು ಈಜು, ಸೈಕಲ್ಲುಗಳಂತೆ ಅಭ್ಯಾಸದ ಸ್ಮೃತಿ. ಅದರ ನಿರ್ವಹಣೆಯಲ್ಲಿ ಬೇಸಲ್ ಗ್ಯಾಂಗ್ಲಿಯಾದ ಪಾಲು ದೊಡ್ಡದು. ಪಾಠದ ಮೂಲಕ ಅರಿತು ಕಲಿತ ಭಾಷೆಯು ಘಟನೆ-ಸಂಗತಿಗಳನ್ನು ನೆನಪಿಡುವ ಸ್ಮೃತಿಯನ್ನು ಹೆಚ್ಚಾಗಿ ನೆಚ್ಚಿಕೊಂಡಿರುತ್ತದೆ. ಅಲ್ಝೈಮರ್ ಮೊದಲು ಮುಟ್ಟುವುದು ಈ ಎರಡನೆಯದನ್ನು. ಪಾರ್ಕಿನ್ಸನ್ ಮುಟ್ಟುವುದು ಮೊದಲನೆಯದನ್ನು. ಈ ವಿವರಣೆ ಎಲ್ಲರಿಗೂ ಒಪ್ಪಿತವಾದುದಲ್ಲ. ಆದರೂ ತುಳು ಮನೆಮಾತು, ಕನ್ನಡ ಶಾಲೆಮಾತು ಆಗಿರುವ ಕರಾವಳಿಗರ ಸ್ಥಿತಿಯು ಫ್ರಿಯುಲಿಯವರ ಸ್ಥಿತಿಗೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ಗಮನಿಸಬೇಕು. ಬರೆಯದ ನುಡಿಯೊಂದು, ಓದಿದ ನುಡಿಯೊಂದು. ಇವರಲ್ಲಿ 'ಮಾತೃಭಾಷೆಯೇ ಕೊನೆಗೆ ಉಳಿಯುತ್ತದೆ' ಎಂಬ ಜನಪ್ರಿಯ ನಂಬಿಕೆಯನ್ನು ನೆಚ್ಚಿ ಚಿಕಿತ್ಸೆಯ ಭಾಷೆಯನ್ನು ಗೊತ್ತುಮಾಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಭಾಷೆಯ ರಚನೆಯೂ ರೋಗದ ರೂಪವನ್ನು ತಿದ್ದುತ್ತದೆ. ಇಂಗ್ಲಿಷಿನಲ್ಲಿ ವ್ಯಾಕರಣ ಕೆಟ್ಟವನು ತಂತಿಯ ಭಾಷೆಯಲ್ಲಿ ಮಾತಾಡುತ್ತಾನೆ, ಅಂದರೆ ಬಿಡಿ ಪದಗಳನ್ನು ಬಿಟ್ಟುಬಿಡುತ್ತಾನೆ. ಕನ್ನಡದಲ್ಲಿ ವ್ಯಾಕರಣವು ಪದಕ್ಕೆ ಅಂಟಿಕೊಂಡಿರುವುದರಿಂದ ಬಿಡುವುದರ ಜೊತೆಗೆ ಒಂದರ ಬದಲು ಇನ್ನೊಂದನ್ನು ಹಚ್ಚುವ ತಪ್ಪುಗಳನ್ನೂ ನಿರೀಕ್ಷಿಸಬೇಕು: 'ಬ್ಯಾಂಕಿಗೆ' ಎನ್ನಬೇಕಾದಲ್ಲಿ 'ಬ್ಯಾಂಕಿನಲ್ಲಿ', 'ಅವನು ಬಂದ' ಎನ್ನಬೇಕಾದಲ್ಲಿ 'ಅವನು ಬಂದಳು'. ಆದರೆ ವಿಜಯಪುರದವನ ಕನ್ನಡವನ್ನು ಮೈಸೂರಿನ ಅಳತೆಗೋಲಿನಿಂದ ಅಳೆದು, ಅವನ ಉಪಭಾಷೆಯ ರೂಪಗಳನ್ನೇ ದೋಷದ ಪಟ್ಟಿಗೆ ಸೇರಿಸುವ ಅಪಾಯವೂ ಇದೆ. ಮರಾಠಿಯ ಸಂಪರ್ಕದಲ್ಲಿ ಕನ್ನಡದ ವಾಕ್ಯರಚನೆಯೇ ಮಾರ್ಪಡುತ್ತದೆ ಎಂಬುದನ್ನು ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಕನ್ನಡ, ಮರಾಠಿ, ಉರ್ದು, ತೆಲುಗುಗಳನ್ನು ಕುರಿತ ಗಂಪರ್ಜ್ ಮತ್ತು ವಿಲ್ಸನ್‌ರ ೧೯೭೧ರ ಲೇಖನ ತೋರಿಸಿಕೊಟ್ಟಿದೆ. ಆರೋಗ್ಯವಂತರ ಮಾತು ಆ ಪ್ರದೇಶದಲ್ಲಿ ಹೇಗಿದೆಯೆಂದು ಬಲ್ಲವನೇ ರೋಗಿಯ ಮಾತನ್ನು ಅಳೆಯಬಲ್ಲ.

ಲಿಪಿಯ ವಿಷಯ ಇನ್ನೂ ಕುತೂಹಲಕರವಾಗಿದೆ. ಬರೆಯುವ ಶಕ್ತಿ ಉಳಿದು ಓದುವ ಶಕ್ತಿ ಮಾತ್ರ ಹೋಗುವ ಸ್ಥಿತಿಯನ್ನು ಕನ್ನಡ-ಇಂಗ್ಲಿಷ್ ದ್ವಿಭಾಷಿಕರೊಬ್ಬರಲ್ಲಿ ಪ್ರತಿಭಾ ಕಾರಂತ ಅವರು ೧೯೮೧ರಲ್ಲಿಯೇ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಪಾಶ್ಚಾತ್ಯರು ಇಂಗ್ಲಿಷ್ ಓದಿನ ಆಧಾರದಿಂದ ಕಟ್ಟಿದ ಓದುದೋಷಗಳ ವರ್ಗೀಕರಣವು ಅಕ್ಷರಲಿಪಿಗಳಿಗೆ ಹಾಗೆಯೇ ಹೊಂದುವುದಿಲ್ಲ ಎಂಬ ವಾದವನ್ನೂ ಅವರು ಮುಂದುವರಿಸಿದರು. ಇದರ ವ್ಯಾವಹಾರಿಕ ಪರಿಣಾಮ ಸಣ್ಣದಲ್ಲ. ಪದಗಳ ಅರ್ಥವೇ ಕ್ರಮೇಣ ಕರಗಿಹೋಗುವ ಒಂದು ಬಗೆಯ ಡಿಮೆನ್ಷಿಯಾ ಇದೆ. ಇಂಗ್ಲಿಷ್ ಓದುಗನಲ್ಲಿ ಅದರ ಸುಳಿವು ಓದಿನಲ್ಲಿಯೇ ಸಿಗುತ್ತದೆ. ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆಯಿಲ್ಲದ ಪದಗಳನ್ನು ಅವನು ಬರೆದಂತೆಯೇ ಉಚ್ಚರಿಸತೊಡಗುತ್ತಾನೆ. ಕನ್ನಡದಲ್ಲಿ ಬರೆದಂತೆಯೇ ಓದುವುದು ನಿಯಮವಾಗಿರುವುದರಿಂದ ಆ ತಪ್ಪಿಗೆ ಎಡೆಯೇ ಇಲ್ಲ. 'ಅಪ್ಪ ಇಂದಿಗೂ ಪೇಪರನ್ನು ಗಟ್ಟಿಯಾಗಿ ತಪ್ಪಿಲ್ಲದೆ ಓದುತ್ತಾರೆ' ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಓದಿದ್ದೇನೆಂದು ಕೇಳಿದಾಗ ಮಾತ್ರ ನಿಜಸ್ಥಿತಿ ಹೊರಬೀಳುತ್ತದೆ. ಕೇಳುವವರು ಮನೆಯಲ್ಲಿರಬೇಕು, ಮೊಮ್ಮಕ್ಕಳಿಗೆ ಆ ಲಿಪಿಯೇ ತಿಳಿಯದು.

ಡಿಮೆನ್ಷಿಯಾದ ವ್ಯಾಪ್ತಿ ಕಡಿಮೆಯೇನಲ್ಲ. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ ೭.೪ರಷ್ಟು, ಎಂದರೆ ಸುಮಾರು ೮೮ ಲಕ್ಷ ಮಂದಿಗೆ ಇದು ಇದೆಯೆಂದು ಅಂದಾಜು ಮಾಡಿದೆ. ಬಹುಭಾಷಿಕತೆ ಇದನ್ನು ಮುಂದೂಡುತ್ತದೆಯೇ? ೨೦೦೭ರಲ್ಲಿ ಟೊರಾಂಟೊದ ಬ್ಯಾಲಿಸ್ಟಾಕ್ ಮತ್ತು ಸಂಗಡಿಗರು ೧೮೪ ರೋಗಿಗಳ ದಾಖಲೆಯಿಂದ ದ್ವಿಭಾಷಿಕರಲ್ಲಿ ರೋಗಲಕ್ಷಣಗಳು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡವೆಂದು ತಿಳಿಸಿದರು. ಅವರಲ್ಲಿ ಬಹಳ ಮಂದಿ ವಲಸಿಗರಾಗಿದ್ದರಿಂದ, ಕಾರಣ ಭಾಷೆಯೋ ವಲಸೆಯೋ ಎಂಬ ಸಂದೇಹ ಉಳಿಯಿತು. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ೨೦೧೩ರಲ್ಲಿ ೬೪೮ ರೋಗಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನಕ್ಕೆ ಮನ್ನಣೆ ದೊರೆತದ್ದು ಇದೇ ಕಾರಣಕ್ಕೆ. ಅಲ್ಲಿಯ ದ್ವಿಭಾಷಿಕರು ವಲಸಿಗರಲ್ಲ. ತೆಲುಗು, ದಖನಿ, ಹಿಂದಿ, ಇಂಗ್ಲಿಷುಗಳ ನಡುವೆ ಹುಟ್ಟಿ ಬೆಳೆದವರು. ಅವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲಿಯೂ ಈ ಅಂತರ ಇತ್ತು. ೨೦೧೬ರಲ್ಲಿ ಅದೇ ತಂಡ ಪಾರ್ಶ್ವವಾಯುವಿಗೆ ತುತ್ತಾದ ೬೦೮ ಮಂದಿಯನ್ನು ಪರಿಶೀಲಿಸಿತು. ದ್ವಿಭಾಷಿಕರಲ್ಲಿ ಶೇಕಡಾ ೪೦.೫ರಷ್ಟು, ಏಕಭಾಷಿಕರಲ್ಲಿ ಶೇಕಡಾ ೧೯.೬ರಷ್ಟು ಮಂದಿಯ ಬುದ್ಧಿಶಕ್ತಿ ಎಂದಿನಂತೆ ಉಳಿದಿತ್ತು. ಆದರೆ ಅಫೇಸಿಯಾ ಬರುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಇದನ್ನು ಪತ್ರಿಕೆಗಳು ಅಷ್ಟಾಗಿ ಎತ್ತಿ ಹೇಳಲಿಲ್ಲ.

ಹೈದರಾಬಾದಿನ ಫಲವನ್ನು ಡೊಂಬಿವಲಿಗೆ ಹಾಗೆಯೇ ತಂದು ಹಚ್ಚಲು ನಾವು ಹಿಂಜರಿಯುತ್ತೇವೆ. ಇಲ್ಲಿ ಬಹುಭಾಷಿಕತೆ ಮತ್ತು ವಲಸೆ ಒಂದೇ ನಾಣ್ಯದಲ್ಲಿ ಎರಕಗೊಂಡಿವೆ. ಹದಿಮೂರರ ಹುಡುಗನಾಗಿ ಊರು ಬಿಟ್ಟು ಬದುಕಿ ಉಳಿದವನ ಮೈಮನಸ್ಸುಗಳ ಕಸುವೇ ಬೇರೆ ಇರಬಹುದು. ಮೇಲಾಗಿ ಆರೋಗ್ಯವಂತರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ೨೦೧೭ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಬಹುಭಾಷಿಕತೆಯ ರಕ್ಷಣೆ ಕಾಣಲಿಲ್ಲ. ಆಸ್ಪತ್ರೆಗೆ ಬಂದವರಲ್ಲಿ ಕಾಣುವುದು, ಊರಿನಲ್ಲಿ ಕಾಣದಿರುವುದು ಏಕೆಂಬುದು ಇನ್ನೂ ಬಗೆಹರಿಯದ ಚರ್ಚೆ.

ಮುಂದೂಡಲ್ಪಟ್ಟರೂ ಕಾಯಿಲೆ ಬಂದಾಗ ಬಹುಭಾಷಿಕನಲ್ಲಿ ಕಾಣುವ ವಿಶೇಷ ಲಕ್ಷಣವೊಂದಿದೆ. ಸ್ವೀಡನ್ನಿನ ಹಿಲ್ಟೆನ್‌ಸ್ಟಾಮ್ ಮತ್ತು ಸ್ಟ್ರೌಡ್, ಅಲ್ಝೈಮರ್ ಬಂದ ದ್ವಿಭಾಷಿಕರು ಎದುರಿಗಿರುವವನಿಗೆ ತಕ್ಕ ಭಾಷೆಯನ್ನು ಆರಿಸುವಲ್ಲಿ ಎಡವುವುದನ್ನು ೧೯೮೯ರಿಂದ ಮುಂದೆ ವಿವರಿಸಿದರು. ಅಲ್ಲಿಯೇ ನೆಲೆಸಿದ ಫಿನ್‌ಲೆಂಡಿನ ವೃದ್ಧರು ಫಿನ್ನಿಶ್ ಬಲ್ಲ ಶುಶ್ರೂಷಕರ ಬಳಿಯಲ್ಲಿ ತಮ್ಮಲ್ಲಿ ಉಳಿದಿದ್ದ ಶಕ್ತಿಯನ್ನು ಹೆಚ್ಚಾಗಿ ತೋರಿದರೆಂಬುದನ್ನು ಎಕ್‌ಮನ್ ತೊಂಬತ್ತರ ದಶಕದಲ್ಲಿ ತಿಳಿಸಿದರು. ಇಲ್ಲಿ ಒಂದು ಎಚ್ಚರ ಬೇಕು. ಡೊಂಬಿವಲಿಯ ಕನ್ನಡಿಗ ಒಂದೇ ವಾಕ್ಯದಲ್ಲಿ ಮೂರು ನುಡಿ ಬೆರೆಸುವುದು ರೋಗವಲ್ಲ, ಅದು ಆ ಊರಿನ ರೂಢಿ. ಮೂರನ್ನೂ ಬಲ್ಲವನೊಡನೆ ಬೆರೆಸುವುದು ಸಹಜ. ತುಳುವಿನ ಗಂಧವಿಲ್ಲದ ಮೊಮ್ಮಗನೊಡನೆ, ಅವನಿಗೆ ತಿಳಿಯುತ್ತಿಲ್ಲವೆಂಬ ಅರಿವಿಲ್ಲದೆ, ತುಳುವಿನಲ್ಲಿಯೇ ಮುಂದುವರಿದರೆ ಅದನ್ನು ವೈದ್ಯರಿಗೆ ತಿಳಿಸಬೇಕು.

ಪರೀಕ್ಷೆಯ ಸಮಸ್ಯೆ ಇಲ್ಲಿಂದಲೇ ಹುಟ್ಟುತ್ತದೆ. ಠಾಣೆ-ಕಲ್ಯಾಣ್ ಪ್ರದೇಶದಲ್ಲಿ ರೋಗಿ ಮತ್ತು ವೈದ್ಯರ ನಡುವಿನ ಮಾತು ಸಹಜವಾಗಿ ಮರಾಠಿ ಅಥವಾ ಹಿಂದಿಯಲ್ಲಿ ನಡೆಯುತ್ತದೆ. 'ಹಿಂದಿ ಬರುತ್ತದೆಯೇ?' ಎಂದರೆ ನಮ್ಮ ಹಿರಿಯರು ಬರುತ್ತದೆ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ ಎಂದಾಗ ಅವರ ಲೆಕ್ಕ ನಡೆಯುವುದು ಮಗ್ಗಿ ಕಲಿತ ಕನ್ನಡದಲ್ಲಿ. ಒಂದು ನಿಮಿಷದಲ್ಲಿ ತರಕಾರಿಗಳ ಹೆಸರು ಹೇಳಿ ಎಂದರೆ ನಾಲ್ವತ್ತು ವರ್ಷ ಮಾರುಕಟ್ಟೆಯಲ್ಲಿ ಬಳಸಿದ ಮರಾಠಿಯ ವಾಂಗಿ, ಭೇಂಡಿ, ಕೋಥಿಂಬೀರ್‌ಗಳೇ ನಾಲಗೆಗೆ ಬರುತ್ತವೆ. ಮೀನಿನ ಹೆಸರು ಕೇಳಿದರೆ ತುಳುವಿನ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ. ಒಂದೇ ಭಾಷೆಯ ಉತ್ತರಗಳನ್ನು ಮಾತ್ರ ಎಣಿಸಿದರೆ ಆರೋಗ್ಯವಂತನೂ ಅನುತ್ತೀರ್ಣನಾಗುತ್ತಾನೆ. ಒಂದೇ ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳಿಸುವ ಪರೀಕ್ಷೆಯಂತೂ ಇಂಗ್ಲಿಷಿಗಾಗಿ ಹುಟ್ಟಿದ್ದು. ಕನ್ನಡದಲ್ಲಿ 'ಪ' ಎಂದು ಕೊಟ್ಟರೆ 'ಪಾತ್ರೆ', 'ಪೆಟ್ಟಿಗೆ'ಗಳು ಸಲ್ಲುತ್ತವೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಉಪಕರಣಗಳು ಇಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಅಫೇಸಿಯಾ ಪರೀಕ್ಷೆಗಳೂ ಚಿಕಿತ್ಸೆಯ ಕೈಪಿಡಿಯೂ ಸಿದ್ಧವಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅರಿವಿನ ಪರೀಕ್ಷೆಗಳ ಸಂಚಿಕೆಯು ಮೊದಲು ರೂಪುಗೊಂಡ ಐದು ಭಾಷೆಗಳಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆಗೆ ಕನ್ನಡವೂ ಒಂದು. ಮುಂಬಯಿಯ ಬಾಂದ್ರಾದಲ್ಲಿ ೧೯೮೩ರಿಂದ ವಾಕ್-ಶ್ರವಣ ತಜ್ಞರನ್ನು ತಯಾರಿಸುವ ರಾಷ್ಟ್ರೀಯ ಸಂಸ್ಥೆಯಿದೆ. ಕನ್ನಡ ಬಲ್ಲ ಚಿಕಿತ್ಸಕ ಕಲ್ಯಾಣಿನ ರೋಗಿಗೆ ಸಿಗುವುದು ಮಾತ್ರ ಅದೃಷ್ಟದ ಮಾತು. ಮೈಸೂರಿನ ತಜ್ಞರೊಡನೆ ದೂರದಿಂದಲೇ ವಿಡಿಯೋ ಮೂಲಕ ಮಾತಾಡಿಸುವುದು ಈಗ ಸಾಧ್ಯವಿರುವುದರಿಂದ, ಮೊದಲ ಕೊರತೆ ಯಂತ್ರದ್ದಲ್ಲ, ಮಾಹಿತಿಯದು.

ಆ ಮಾಹಿತಿಯನ್ನ ಸಂಗ್ರಹಿಸಲು ವೈದ್ಯರೇ ಆಗಬೇಕಾಗಿಲ್ಲ. ಪ್ಯಾರಾಡಿಸರ ದ್ವಿಭಾಷಿಕ ಅಫೇಸಿಯಾ ಪರೀಕ್ಷೆಗೆ ಕನ್ನಡ ರೂಪವೂ ಇದೆ. ಅದರ ಮೊದಲ ಭಾಗದ ಐವತ್ತು ಪ್ರಶ್ನೆಗಳು ರೋಗಿಯ ಭಾಷಾಚರಿತ್ರೆಗೆ ಮೀಸಲು. ಅವಕ್ಕೆ ಈ ಪ್ರದೇಶದ ಕೆಲವು ಪ್ರಶ್ನೆಗಳನ್ನು ನಾವು ಸೇರಿಸಬಯಸುತ್ತೇವೆ. ತಾಯಿ ಯಾವ ನುಡಿಯಲ್ಲಿ ಗದರಿಸುತ್ತಿದ್ದಳು? ಮಗ್ಗಿ ಕಲಿತದ್ದು ಯಾವುದರಲ್ಲಿ? ರಾತ್ರಿಶಾಲೆ ಎಷ್ಟು ವರ್ಷ? ದೇವರ ಮುಂದೆ, ಹಣ ಎಣಿಸುವಾಗ, ಸಿಟ್ಟು ಬಂದಾಗ ಬಾಯಿಗೆ ಬರುವ ನುಡಿ ಯಾವುದು? ಕಳೆದ ಐದು ವರ್ಷಗಳಲ್ಲಿ ದಿನಕ್ಕೆ ಎಷ್ಟು ಹೊತ್ತು ಯಾರೊಡನೆ ಯಾವುದರಲ್ಲಿ ಮಾತು? ಪತ್ರಿಕೆ ಯಾವುದು? ಹೊರನಾಡಿನಲ್ಲಿ ಭಾಷಾಸಮೀಕ್ಷೆ ನಡೆಸುವ ಸಂಶೋಧಕರು ತಮ್ಮ ಪ್ರಶ್ನಾವಳಿಯಲ್ಲಿ ಇವನ್ನು ಸೇರಿಸಿ, ಸಂದರ್ಶನದ ಧ್ವನಿಯನ್ನೂ ಹಿರಿಯರ ಒಪ್ಪಿಗೆ ಪಡೆದು ಉಳಿಸಿಟ್ಟರೆ, ಅವರು ಇನ್ನೂ ಆರೋಗ್ಯವಂತರಾಗಿದ್ದಾಗ ಐದೂ ನುಡಿಗಳನ್ನು ಹೇಗೆ ಆಡುತ್ತಿದ್ದರೆಂಬ ದಾಖಲೆ ಸಿಕ್ಕಂತಾಗುತ್ತದೆ. ಪಾರ್ಶ್ವವಾಯು ಹೊಡೆದ ಮರುದಿನ ಚಿಕಿತ್ಸಕನು ಮನೆಯವರನ್ನು ಕೇಳುವ ಮೊದಲ ಪ್ರಶ್ನೆ ಇದೇ: ಇವರು ಮೊದಲು ಹೇಗೆ ಮಾತಾಡುತ್ತಿದ್ದರು? ಸಂದರ್ಶನವನ್ನು ಹೆಂಡತಿಯ ಎದುರಿನಲ್ಲಿಯೂ ಒಮ್ಮೆ, ಮೊಮ್ಮಕ್ಕಳ ಎದುರಿನಲ್ಲಿಯೂ ಒಮ್ಮೆ ನಡೆಸುವುದೊಳ್ಳೆಯದು. ಒಬ್ಬರೇ ವ್ಯಕ್ತಿಯ ಎರಡು ಮಾತುಗಳು ಅಲ್ಲಿ ಸಿಗುತ್ತವೆ.